ಹಿತ್ತಲಿನಲ್ಲಿ ನಾಡಹೂಗಳನ್ನು ಬೀಜದಿಂದ ಬೆಳೆಸುವ ಕ್ರಮ

(ಕೆಂಪಾಪುರ, ಹೆಬ್ಬಾಳ, ಯಲಹಂಕ ಸುತ್ತಿನ ಭೂಮಾಲೀಕರ ಮತ್ತು ಗ್ರಾಮದ ಯಜಮಾನರ ಉಪಯೋಗಕ್ಕಾಗಿ)

1. ಪೀಠಿಕೆ

ಮನೆಯ ಹಿಂದೆ ಒಂದೆರಡು ಗುಂಟೆ ಹಿತ್ತಲುಳ್ಳ ರಯತನು ಅದರಲ್ಲಿ ನುಗ್ಗೆ, ಕರಿಬೇವು, ಬಾಳೆ, ಸೊಪ್ಪು ಮುಂತಾದವುಗಳನ್ನು ಬೆಳೆಯುವುದು ವಾಡಿಕೆ. ಹೂವಿನ ಗಿಡಕ್ಕೆ ಬಚ್ಚಲ ನೀರು ಹರಿಯುವ ಮೂಲೆಯೊಂದು ದೊರೆತರೆ ಅದೇ ಹೆಚ್ಚು. ಆದರೆ ಹೂವಿಲ್ಲದೆ ಸಂಸಾರವು ಒಂದು ದಿನವೂ ನಡೆಯುವುದಿಲ್ಲ. ದೇವರ ಪೂಜೆಗೆ, ಹೆಂಗಸರ ಮುಡಿಗೆ, ಹಬ್ಬಕ್ಕೆ, ಮದುವೆಗೆ, ಕಡೆಗೆ ಮಸಣದ ದಾರಿಗೂ ಹೂವು ಬೇಕು. ಹಿತ್ತಲಿನಲ್ಲಿ ಬೆಳೆಯಬಹುದಾದ ಈ ಹೂವನ್ನು ಸಂತೆಯಲ್ಲಿ ಮೊಳದ ಲೆಕ್ಕದಲ್ಲಿ ಕೊಳ್ಳುವುದು ಅನೇಕ ಮನೆಗಳಲ್ಲಿ ವರ್ಷವೆಲ್ಲ ನಡೆಯುವ ಖರ್ಚಾಗಿದೆ.

ಕೆಂಪಾಪುರಕ್ಕೆ ಸಮೀಪವಾದ ಹೆಬ್ಬಾಳದಲ್ಲಿ 1899ರಲ್ಲಿ, ವಾಣೀವಿಲಾಸ ಸನ್ನಿಧಾನದ ಮಹಾರಾಣಿಯವರು ದಯಪಾಲಿಸಿದ 30 ಎಕರೆ ಜಮೀನಿನಲ್ಲಿ, ವ್ಯವಸಾಯದ ಪ್ರಯೋಗ ಕ್ಷೇತ್ರವು ಆರಂಭವಾಯಿತು. 1913ರಲ್ಲಿ ಅಲ್ಲಿ ವ್ಯವಸಾಯ ಶಾಲೆಯೂ, 1946ರಲ್ಲಿ ಕಾಲೇಜೂ ಸ್ಥಾಪಿತವಾದುವು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಏರ್ಪಟ್ಟಿತು. ಅಂದಿನಿಂದ ಇಂದಿನವರೆಗೂ ರಯತರಿಗೆ ಹೇಳಿಕೊಂಡು ಬಂದ ಮೊದಲನೆಯ ಪಾಠವು ಬೀಜದ ಪಾಠವೇ. ರಾಗಿಗೆ ಒಳ್ಳೆಯ ತೆನೆಯನ್ನು ಆರಿಸಿ ಬಿತ್ತನೆಗೆ ಎತ್ತಿಡಬೇಕೆಂಬುದನ್ನು ಈಗ ಯಾವ ರಯತನಿಗೂ ಹೇಳಬೇಕಾದ್ದಿಲ್ಲ. ಆದರೆ ಅದೇ ರಯತನು ಹೂವಿನ ಬೀಜವನ್ನು ಎತ್ತಿಡುವುದಿಲ್ಲ. ಹೂವು ಕೈಗೆ ಬಂದರೆ ಸಾಕೆಂದು ಬೀಜವನ್ನು ನೆಲದ ಪಾಲು ಮಾಡುತ್ತಾನೆ. ಈ ಕೊರತೆಯನ್ನು ತುಂಬುವುದು ಹೇಗೆಂಬುದೇ ಈ ಪತ್ರಿಕೆಯ ವಿಷಯ.

2. ನಾಡಹೂಗಳೆಂದರೆ ಯಾವುವು?

ನಮ್ಮ ಸಂತೆಯಲ್ಲಿ ರಾಶಿಯಾಗಿ ಕಾಣುವ ಹೂಗಳೆಲ್ಲ ಈ ನಾಡಿನವೇ ಎಂದು ತಿಳಿಯಬಾರದು. ಸೇವಂತಿಗೆಯ ತವರು ಚೀನಾ ದೇಶ. ಚೆಂಡುಹೂವೂ ಸುಗಂಧರಾಜವೂ ಮೆಕ್ಸಿಕೋ ದೇಶದಿಂದ ಬಂದುವು. ಕಾಶಿಕಣಗಿಲೆಯು ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದ್ದು. ಇವು ನಮಗೆ ಉಪಕಾರ ಮಾಡಿದ ಗಿಡಗಳೇ; ಇವುಗಳನ್ನು ಬಿಡಬೇಕೆಂದು ಹೇಳುವುದಿಲ್ಲ. ಆದರೆ ಹೊರಗಿನಿಂದ ಬಂದದ್ದೆಲ್ಲವೂ ಹೀಗೆ ಸಾಧುವಾಗಿರುವುದಿಲ್ಲ. 19ನೆಯ ಶತಮಾನದ ಮೊದಲಲ್ಲಿ ಅಲಂಕಾರಕ್ಕೆಂದು ಈ ದೇಶಕ್ಕೆ ತಂದ ಲಂಟಾನ ಗಿಡವು ಇಂದು ಬೇಲಿ, ಬೀಳು, ಕಾಡುಗಳನ್ನೆಲ್ಲ ಆಕ್ರಮಿಸಿರುವುದನ್ನು ಎಲ್ಲರೂ ಕಣ್ಣಾರೆ ಕಾಣುತ್ತಿದ್ದೇವೆ.

ನಾಡಹೂವೆಂದರೆ ಈ ಮಣ್ಣು, ಈ ಮಳೆ, ಈ ಬೇಸಗೆಗಳಿಗೆ ತಲೆತಲಾಂತರದಿಂದ ಒಗ್ಗಿ, ಯಾರೂ ನೆಡದೆ ಬದುಗಳಲ್ಲಿಯೂ ಕುರುಚಲುಗಳಲ್ಲಿಯೂ ಹುಟ್ಟುವಂಥದು. ಅದರಲ್ಲಿಯೂ ಒಂದೇ ವರ್ಷಕ್ಕೆ ಸಾಯದೆ ಹಲವು ವರ್ಷ ಬಾಳುವ ಗಿಡಗಳೇ ರಯತನಿಗೆ ಹೆಚ್ಚು ಅನುಕೂಲ. ಇವು ಮೊದಲನೆಯ ವರ್ಷ ತಾಳ್ಮೆಯನ್ನು ಕೇಳುತ್ತವೆ. ಬೇರು ಇಳಿದ ಮೇಲೆ ಅಷ್ಟಾಗಿ ಏನನ್ನೂ ಕೇಳುವುದಿಲ್ಲ. ಈ ಪತ್ರಿಕೆಯಲ್ಲಿ ಕನಕಾಂಬರ, ಗೋರಂಟೆ, ತಂಗಡಿ, ಶಂಖಪುಷ್ಪ, ಗೌರಿ ಹೂವು ಎಂಬ ಐದನ್ನು ಮಾತ್ರ ಎತ್ತಿಕೊಂಡಿದೆ. ಶಂಖಪುಷ್ಪದ ಮೂಲಸ್ಥಾನದ ವಿಷಯದಲ್ಲಿ ಸಸ್ಯಶಾಸ್ತ್ರಜ್ಞರಿಗೆ ಒಮ್ಮತವಿಲ್ಲದಿದ್ದರೂ, ಅದು ನಮ್ಮ ಬೇಲಿಗೆ ಬಹುಕಾಲದಿಂದ ಒಗ್ಗಿರುವ ಬಳ್ಳಿಯಾದಕಾರಣ ಸೇರಿಸಿದೆ.

3. ಬೀಜದ ಸ್ವಭಾವವನ್ನು ಮೊದಲು ತಿಳಿಯತಕ್ಕದ್ದು

ಹೂವಿನ ಬೀಜವು ಹುಟ್ಟಲಿಲ್ಲವೆಂದು ಹೇಳುವವರನ್ನು ವಿಚಾರಿಸಿದರೆ, ಹೆಚ್ಚಿನವರು ಎಲ್ಲ ಬೀಜಗಳನ್ನೂ ಒಂದೇ ಬಗೆಯಲ್ಲಿ ಬಿತ್ತಿರುವುದು ಗೊತ್ತಾಗುತ್ತದೆ. ರಾಗಿ, ಅವರೆ, ಹುರುಳಿಗಳು ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಪಳಗಿದ ಬೆಳೆಗಳು. ತೇವ ಕಂಡೊಡನೆ ಒಟ್ಟಿಗೆ ಮೊಳೆಯುತ್ತವೆ. ಬದುವಿನ ಗಿಡಕ್ಕೆ ಆ ಅಭ್ಯಾಸವಿಲ್ಲ. ಅಕಾಲದಲ್ಲಿ ಬಿದ್ದ ಒಂದು ಮಳೆಗೆ ತನ್ನ ಬೀಜವೆಲ್ಲ ಮೊಳೆತು ಒಣಗಿಹೋದರೆ ಅದರ ವಂಶವೇ ನಿಂತುಹೋಗುತ್ತದೆ. ಆದಕಾರಣ ಪ್ರತಿಯೊಂದು ಗಿಡವೂ ತನ್ನ ಬೀಜಕ್ಕೆ ಒಂದು ಕಾವಲನ್ನು ಇಟ್ಟಿದೆ. ಕೆಲವು ನೀರು ತಾಕಿದಾಗಲೇ ಕಾಯಿಯನ್ನು ಸಿಡಿಸುತ್ತವೆ. ಕೆಲವು ನೀರು ಇಳಿಯದ ಗಟ್ಟಿ ಸಿಪ್ಪೆಯನ್ನು ಹೊದಿಸುತ್ತವೆ. ಕೆಲವು ಮೊದಲು ಗಡ್ಡೆಯನ್ನು ಕಟ್ಟಿಕೊಂಡು ವರ್ಷಗಟ್ಟಲೆ ಹೂವನ್ನು ತಡೆಹಿಡಿಯುತ್ತವೆ. ಕಾವಲು ಯಾವುದೆಂದು ತಿಳಿದು ಅದನ್ನು ಬಿಡಿಸಿ ಬಿತ್ತುವುದೇ ಈ ಕೆಲಸದ ರಹಸ್ಯ.

ಬೀಜವನ್ನು ಎತ್ತುವಾಗ ನಾಲ್ಕು ನಿಯಮಗಳನ್ನು ಪಾಲಿಸತಕ್ಕದ್ದು. ಮೊದಲನೆಯದು, ಒಂದೇ ಗಿಡದಿಂದ ಎತ್ತದೆ ಹತ್ತಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ಎತ್ತಬೇಕು. ಎರಡನೆಯದು, ಬದುವಿನ ಗಿಡಗಳಿಂದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಕೂಡದು; ಉಳಿದದ್ದು ಆ ಸ್ಥಳದ ಸ್ವತ್ತು. ಮೂರನೆಯದು, ಎತ್ತಿದ ಬೀಜವನ್ನು ನೆರಳಿನಲ್ಲಿ ಒಂದು ವಾರ ಒಣಗಿಸಿ, ಕಾಗದದ ಅಥವಾ ಬಟ್ಟೆಯ ಚೀಲದಲ್ಲಿಟ್ಟು, ಹೆಸರನ್ನೂ ಎತ್ತಿದ ತಿಂಗಳನ್ನೂ ಬರೆದಿಡಬೇಕು. ಸರಿಯಾಗಿ ಒಣಗದ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುವುದು ಖಂಡಿತ. ನಾಲ್ಕನೆಯದು, ಸರ್ಕಾರಿ ಅರಣ್ಯದಿಂದ ಅನುಮತಿಯಿಲ್ಲದೆ ಬೀಜವನ್ನಾಗಲಿ ಗಡ್ಡೆಯನ್ನಾಗಲಿ ತರಕೂಡದು.

4. ಕನಕಾಂಬರ

ಇದು ದಕ್ಷಿಣ ಭಾರತದಲ್ಲಿಯೂ ಸಿಂಹಳದಲ್ಲಿಯೂ ಸಹಜವಾಗಿ ಬೆಳೆಯುವ ಗಿಡ. ಒಂದೂವರೆಯಿಂದ ಮೂರು ಅಡಿ ಎತ್ತರ ಬೆಳೆದು, ತೆನೆಯ ಬುಡದಿಂದ ತುದಿಯ ಕಡೆಗೆ ದಿನಕ್ಕಿಷ್ಟರಂತೆ ಅರಳುತ್ತದೆ. ವಾಸನೆಯಿಲ್ಲ; ಆದರೆ ಬಣ್ಣ ಉಂಟು, ಹಗುರ ಉಂಟು, ಬೇಗ ಬಾಡದ ಗುಣ ಉಂಟು. ಮಲ್ಲಿಗೆಯೊಡನೆ ಕಟ್ಟಿದರೆ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಆದ್ದರಿಂದಲೇ ಸಂತೆಯಲ್ಲಿ ಇದಕ್ಕೆ ಎಂದೂ ಗಿರಾಕಿ ತಪ್ಪುವುದಿಲ್ಲ.

(ಅ) ಬೀಜವನ್ನು ಎತ್ತುವುದು.— ಹೂವು ಉದುರಿದ ಮೇಲೆ ತೆನೆಯಲ್ಲಿ ಕಾಯಿ ನಿಲ್ಲುತ್ತದೆ. ಒಂದೊಂದು ಕಾಯಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜಗಳಿರುತ್ತವೆ. ಕಾಯಿ ಬಲಿತು ತೆನೆ ಕಂದುಬಣ್ಣಕ್ಕೆ ತಿರುಗಿದ ಮೇಲೆ ಅದು ನೀರಿಗಾಗಿ ಕಾದಿರುತ್ತದೆ. ಮಳೆಯ ಹನಿಯಾಗಲಿ, ನಾವು ಹಾಕಿದ ನೀರಾಗಲಿ ತಾಕಿತೆಂದರೆ ಪಟಪಟನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಇಂಗ್ಲಿಷರು ಈ ಗಿಡಕ್ಕೆ ಪಟಾಕಿ ಹೂವೆಂದು ಹೆಸರಿಟ್ಟದ್ದು ಇದರಿಂದಲೇ.

ಈ ಸ್ವಭಾವವನ್ನು ಪುಸ್ತಕದಲ್ಲಿ ಓದಿ ತಿಳಿದಿದ್ದ ನಾನೇ ಒಮ್ಮೆ ಇದರಲ್ಲಿ ಮೋಸಹೋದೆನು. ಕೆಂಪಾಪುರದ ಹಳೆಯ ಊರಿನ ಒಂದು ಹಿತ್ತಲಿನಲ್ಲಿ ಅಜ್ಜಿಯೊಬ್ಬರು ಬಹಳ ವರ್ಷಗಳಿಂದ ಬೆಳೆಸಿದ್ದ ಕನಕಾಂಬರದ ಸಾಲಿತ್ತು. ಹೊಳೆಯುವ ಕೇಸರಿಯ ಬಣ್ಣ, ಉದ್ದನೆಯ ತೆನೆ. ಬಿತ್ತನೆಗೆ ಯೋಗ್ಯವಾದ ತೆನೆಗಳನ್ನು ಗುರುತುಮಾಡಿ, ಇನ್ನೆರಡು ದಿನ ಬಲಿಯಲೆಂದು ಆ ಸಂಜೆ ಹಾಗೆಯೇ ಬಿಟ್ಟು ಬಂದೆನು. ಆ ರಾತ್ರಿ ಅಕಾಲದ ಮಳೆ ಒಂದು ಗಳಿಗೆ ಸುರಿಯಿತು. ಬೆಳಗ್ಗೆ ಹೋಗಿ ನೋಡಿದರೆ ನಾನು ದಾರ ಕಟ್ಟಿದ್ದ ತೆನೆಗಳೆಲ್ಲ ಬರಿದಾಗಿದ್ದುವು. ಅಜ್ಜಿ ನನ್ನನ್ನು ಕಂಡು, “ಮಳೆ ಬಂದ ಮೇಲೆ ಬೀಜ ಎಲ್ಲಿ ಉಳೀತದೆ ಸ್ವಾಮಿ? ಮೋಡ ನೋಡ್ಕಂಡು ಕುಯ್ಯಬೇಕು,” ಎಂದರು. ಬಳಿಕ ಒಳಗೆ ಹೋಗಿ, ತಾವು ಮುಂಚೆಯೇ ಕುಯ್ದು ಮಡಕೆಯಲ್ಲಿಟ್ಟಿದ್ದ ತೆನೆಗಳಲ್ಲಿ ಒಂದು ಹಿಡಿಯನ್ನು ತಂದು ನನ್ನ ಕೈಗಿತ್ತರು. ಕೆಲವು ವರ್ಷಗಳ ನಂತರ ಆ ಹಿತ್ತಲು ಕಟ್ಟಡದ ಕೆಳಗೆ ಸೇರಿಹೋಯಿತು. ಆ ಒಂದು ಹಿಡಿಯ ಸಂತತಿಯು ಮಾತ್ರ ಈಗಲೂ ನಾಲ್ಕಾರು ಮನೆಗಳಲ್ಲಿ ಅರಳುತ್ತಿದೆ.

ಆದಕಾರಣ, ಜನವರಿಯಿಂದ ಮಾರ್ಚಿಯವರೆಗಿನ ಒಣ ದಿವಸಗಳಲ್ಲಿ, ಇಬ್ಬನಿ ಆರಿದ ಮೇಲೆ, ಮುಕ್ಕಾಲು ಪಾಲು ಒಣಗಿದ ತೆನೆಗಳನ್ನು ಕುಯ್ಯಬೇಕು. ಅಗಲ ಬಾಯಿಯ ಮಡಕೆಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆಯನ್ನು ಕಟ್ಟಿ ನೆರಳಿನಲ್ಲಿಡಬೇಕು. ಪೂರ್ತಿ ಒಣಗಿದ ಮೇಲೆ ಬಟ್ಟೆಯ ಮೇಲೆ ಸ್ವಲ್ಪ ನೀರನ್ನು ಚಿಮುಕಿಸಿದರೆ ಕಾಯಿಗಳು ಮಡಕೆಯೊಳಗೇ ಸಿಡಿದು ಬೀಜವು ತಳದಲ್ಲಿ ನಿಲ್ಲುತ್ತದೆ. ಕೂಡಲೆ ತೆಗೆದು ನೆರಳಿನಲ್ಲಿ ಆರಿಸಬೇಕು. ಈ ಬೀಜಕ್ಕೆ ಆಯುಸ್ಸು ಕಡಮೆ. ಆ ವರ್ಷದ ಬೀಜವನ್ನು ಆ ವರ್ಷವೇ ಬಿತ್ತತಕ್ಕದ್ದು. ಹಳೆಯ ಬೀಜವನ್ನು ನಂಬಿ ಪಾತಿ ಮಾಡಕೂಡದು.

(ಆ) ಒಟ್ಟಲು ಪಾತಿ.— ಮೃಗಶಿರ ಮಳೆಯ ಹೊತ್ತಿಗೆ, ಅಂದರೆ ಜೂನ್ ತಿಂಗಳಲ್ಲಿ, 3 ಅಡಿ ಅಗಲ, ಬೇಕಾದಷ್ಟು ಉದ್ದದ ಪಾತಿಯನ್ನು ನೆಲದಿಂದ 4 ಅಂಗುಲ ಎತ್ತರವಾಗಿ ಮಾಡಬೇಕು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವು ಮೂರನ್ನೂ ಸಮಭಾಗವಾಗಿ ಬೆರೆಸಿ ಜರಡಿ ಹಿಡಿದು ಮೇಲೆ ಹರಡಬೇಕು. 3 ಅಂಗುಲಕ್ಕೊಂದರಂತೆ ಕಿರುಸಾಲು ಗೀರಿ, ಬೀಜವನ್ನು ತೆಳುವಾಗಿ ಬಿತ್ತಿ, ಕಾಲು ಅಂಗುಲಕ್ಕೆ ಮೀರದಂತೆ ಮಣ್ಣನ್ನು ಮುಚ್ಚತಕ್ಕದ್ದು. ಮೇಲೆ ಹುಲ್ಲನ್ನು ಹೊದಿಸಿ, ಸಣ್ಣ ತೂತುಗಳುಳ್ಳ ಡಬ್ಬದಿಂದ ಬೆಳಗಿನ ಹೊತ್ತು ನೀರು ಕೊಡಬೇಕು. ಇರುವೆಗಳು ಬೀಜವನ್ನು ಹೊತ್ತೊಯ್ಯದಂತೆ ಪಾತಿಯ ಸುತ್ತಲೂ ಬೂದಿಯ ಗೆರೆ ಎಳೆಯುವುದು ಒಳ್ಳೆಯದು.

ಮೊಳಕೆಯು ಒಟ್ಟಿಗೆ ಬರುವುದಿಲ್ಲ. ಹದಿನೈದನೆಯ ದಿನ ಕೆಲವು, ತಿಂಗಳಾದ ಮೇಲೆ ಕೆಲವು ಮೇಲೇಳುತ್ತವೆ. ಇದನ್ನು ತಿಳಿಯದೆ ಇಪ್ಪತ್ತನೆಯ ದಿನವೇ ಪಾತಿಯನ್ನು ಕೆದಕಿ ಹಾಳುಮಾಡಿದವರನ್ನು ಬಲ್ಲೆನು. ಮೊಳಕೆ ಕಂಡೊಡನೆ ಹುಲ್ಲನ್ನು ತೆಗೆಯಬೇಕು. ತೆಗೆಯದಿದ್ದರೆ ಸಸಿಗಳು ಬಿಳಿಚಿಕೊಂಡು ಬುಡ ಕೊಳೆತು ಬೀಳುತ್ತವೆ.

(ಇ) ನಾಟಿ.— ಸುಮಾರು 60 ದಿನಗಳಲ್ಲಿ ಸಸಿಗೆ ಐದಾರು ಎಲೆಗಳು ಬರುತ್ತವೆ. ಆಗ ಮೋಡ ಮುಚ್ಚಿದ ದಿನ ಅಥವಾ ಸಂಜೆಯ ಹೊತ್ತು ಬೇರಿನ ಮಣ್ಣು ಕಳಚದಂತೆ ಕಿತ್ತು ನೆಡಬೇಕು. ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ ಬಿಟ್ಟರೆ 10 ಅಡಿ ಉದ್ದ, 4 ಅಡಿ ಅಗಲದ ಮಡಿಯಲ್ಲಿ 20 ಗಿಡಗಳು ಹಿಡಿಯುತ್ತವೆ. ಮನೆಯ ಉಪಯೋಗಕ್ಕೆ ಇಷ್ಟು ಸಾಕು. ಒಂದು ಗುಂಟೆಯೆಂದರೆ 1,089 ಚದರ ಅಡಿ. ಕಾಲುದಾರಿಯನ್ನು ಬಿಟ್ಟು ಇದರಲ್ಲಿ ಸುಮಾರು 500 ಗಿಡಗಳನ್ನು ನೆಟ್ಟರೆ ಸಂತೆಗೂ ಹೂವು ಕಳುಹಿಸಬಹುದು. ನೀರು ನಿಲ್ಲುವ ನೆಲ ಇದಕ್ಕೆ ಆಗದು. ಸ್ವಲ್ಪ ನೆರಳನ್ನು ತಡೆಯುತ್ತದೆಯಾದಕಾರಣ ತೆಂಗಿನ ಸಾಲಿನ ನಡುವೆಯೂ ಹಾಕಬಹುದು.

ನೆಟ್ಟ ಎರಡು ಮೂರು ತಿಂಗಳಿಗೆ ಹೂವು ಕಾಣುತ್ತದೆ. ದಿನ ಬಿಟ್ಟು ದಿನ, ಬೆಳಗಿನ ತಂಪಿನಲ್ಲಿ, ಪೂರ್ತಿ ಅರಳಿದ ಹೂವನ್ನು ಮಾತ್ರ ಬಿಡಿಸತಕ್ಕದ್ದು. ಹೂವು ಮುಗಿದ ತೆನೆಗಳನ್ನು ಕತ್ತರಿಸುತ್ತಿದ್ದರೆ ಹೊಸ ತೆನೆ ಬೇಗ ಬರುತ್ತದೆ. ಆದರೆ ಪ್ರತಿ ಸಾಲಿನಲ್ಲಿಯೂ ಉತ್ತಮವಾದ ಒಂದೆರಡು ಗಿಡಗಳನ್ನು ಬೀಜಕ್ಕೆಂದೇ ದಾರ ಕಟ್ಟಿ ಬಿಡಬೇಕು. ಆ ಗಿಡಗಳ ಹೂವಿಗೆ ಯಾರೂ ಕೈಹಾಕಕೂಡದೆಂದು ಮನೆಯವರಿಗೆ ಮೊದಲೇ ಹೇಳಿಡಬೇಕು.

(ಈ) ರೋಗಗಳು.— ಗಿಡವು ಒಂದು ಕಡೆಯಿಂದ ಬಾಡುತ್ತ ಬಂದು ಸತ್ತರೆ ಅದು ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ. ಬೆಳವಣಿಗೆ ಕುಂದಿ, ಕಿತ್ತು ನೋಡಿದಾಗ ಬೇರಿನಲ್ಲಿ ಗಂಟುಗಳಾಗಲಿ ಕಪ್ಪು ಮಚ್ಚೆಗಳಾಗಲಿ ಇದ್ದರೆ ಅದು ಕಣ್ಣಿಗೆ ಕಾಣದ ಜಂತುಹುಳುವಿನ ಕೆಲಸ. ಇವೆರಡೂ ಜೊತೆಗೂಡಿ ಬರುವುದೇ ಹೆಚ್ಚು. ಸತ್ತ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು, ತಿಪ್ಪೆಗೆ ಎಸೆಯಕೂಡದು. ನಾಟಿಗೆ ಮುಂಚೆ ಮಣ್ಣಿಗೆ ಬೇವಿನ ಹಿಂಡಿಯನ್ನು ಬೆರೆಸುವುದೂ, ಕನಕಾಂಬರ ಹಾಕುವ ಮಡಿಯಲ್ಲಿ ಹಿಂದಿನ ಬೆಳೆಯಾಗಿ ಚೆಂಡುಹೂವನ್ನು ಬೆಳೆಯುವುದೂ ಜಂತುಹುಳುವನ್ನು ತಗ್ಗಿಸುತ್ತವೆ. ಚೆಂಡುಹೂವು ಪರದೇಶದ್ದಾದರೂ ಈ ವಿಷಯದಲ್ಲಿ ಒಳ್ಳೆಯ ನೆರೆಯೇ ಸರಿ. ಸುಣ್ಣದ ಅಂಶ ಹೆಚ್ಚಾದ ನೆಲದಲ್ಲಿ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸುರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ ಎಲೆಗಳ ಮೇಲೆ ಚಿಮುಕಿಸಿದರೆ ಗುಣವಾಗುತ್ತದೆ.

(ಉ) ದೆಹಲಿ ಕನಕಾಂಬರ.— ಸಂತೆಯಲ್ಲಿ ಈ ಹೆಸರಿನ, ದೊಡ್ಡ ಎಸಳಿನ, ಗಾಢ ಬಣ್ಣದ ಹೂವಿಗೆ ಒಳ್ಳೆಯ ಬೆಲೆಯಿದೆ. ಇದು ಜೀವಕೋಶದ ವರ್ಣತಂತುಗಳು ಮೂರು ಮೂರಾಗಿರುವ ಜಾತಿಯಾದ್ದರಿಂದ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ವೃದ್ಧಿಮಾಡಬೇಕು. 1967ರಲ್ಲಿ ಸ್ಥಾಪಿತವಾಗಿ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯು ಅರ್ಕ ಅಂಬರ, ಅರ್ಕ ಕನಕ ಮುಂತಾದ ತಳಿಗಳನ್ನೂ ಹೊರತಂದಿದೆ. ವ್ಯಾಪಾರಕ್ಕೆ ಬೆಳೆಯುವವರು ಇವುಗಳನ್ನು ಹಾಕುವುದು ಯುಕ್ತವೇ. ಆದರೆ ಕಡ್ಡಿಯಿಂದ ಬಂದ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳು. ಒಂದಕ್ಕೆ ತಗಲಿದ ರೋಗವು ಎಲ್ಲಕ್ಕೂ ತಗಲುವ ಭಯವುಂಟು. ಬೀಜದ ಗಿಡಗಳಲ್ಲಿ ಒಂದು ಸತ್ತರೂ ಇನ್ನೊಂದು ತಡೆದುಕೊಂಡೀತು. ಆದಕಾರಣ ಹೊಸದು ಬಂದಿತೆಂದು ಹಿತ್ತಲಿನ ಹಳೆಯ ಬೀಜದ ಸಾಲನ್ನು ಕೀಳಕೂಡದು.

5. ಗೋರಂಟೆ

ಕೈಗೆ ಹಚ್ಚಿಕೊಳ್ಳುವ ಗೋರಂಟಿಯೇ ಬೇರೆ, ಇದು ಬೇರೆ. ಬಿಳಿ, ನೀಲಿ, ನಸುಗೆಂಪು ಹೂಬಿಡುವ ಗೋರಂಟೆಯನ್ನು ಕೆಲವರು ಸ್ಫಟಿಕದ ಹೂವೆಂದೂ ಕರೆಯುತ್ತಾರೆ. ಹಳದಿ ಹೂವಿನ, ಮುಳ್ಳುಳ್ಳ ಜಾತಿಯು ಮುಳ್ಳುಗೋರಂಟೆ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ, ಬೇರೆ ಹೂಗಳು ಕಡಮೆಯಾಗುವ ವೇಳೆಗೆ, ಇವು ತುಂಬಾ ಅರಳುತ್ತವೆ. ಮುಳ್ಳುಗೋರಂಟೆಯನ್ನು ಒತ್ತಾಗಿ ಹಾಕಿದರೆ ಹಿತ್ತಲಿಗೆ ಬೇಲಿಯೂ ಆಗುತ್ತದೆ.

ಇದು ಕನಕಾಂಬರದ ಕುಲಕ್ಕೇ ಸೇರಿದ್ದು. ಕಾಯಿ ಸಿಡಿಯುವ ಗುಣ ಇದಕ್ಕೂ ಉಂಟು. ಕಂದುಬಣ್ಣಕ್ಕೆ ತಿರುಗಿದ ಕಾಯಿಗಳನ್ನು ಸಿಡಿಯುವುದಕ್ಕೆ ಮುಂಚೆ ಎತ್ತತಕ್ಕದ್ದು. ಚಪ್ಪಟೆಯಾದ ಬೀಜದ ಮೇಲೆ ನವುರಾದ ಕೂದಲು ಒತ್ತಿಕೊಂಡಿರುತ್ತದೆ. ನೀರು ತಾಕಿದರೆ ಅದು ಲೋಳೆಯಾಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಈ ಬೀಜವನ್ನು ನೆನೆಸಕೂಡದು; ನೆನೆಸಿದರೆ ಒಂದಕ್ಕೊಂದು ಅಂಟಿ ಬಿತ್ತುವುದಕ್ಕೇ ಬಾರದು. ಒಣಬೀಜವನ್ನು ಒಣಮರಳಿನೊಡನೆ ಬೆರೆಸಿ ಹದವಾದ ಪಾತಿಯಲ್ಲಿ ಬಿತ್ತಬೇಕು. ಉಳಿದ ಕ್ರಮವೆಲ್ಲ ಕನಕಾಂಬರದಂತೆಯೇ. ಹೂವು ಮುಗಿದ ಮೇಲೆ ಗಿಡವನ್ನು ನೆಲದಿಂದ ಒಂದಡಿಗೆ ಸವರಿದರೆ ಮುಂಗಾರಿನಲ್ಲಿ ಹೊಸ ಕವಲುಗಳು ಬರುತ್ತವೆ.

6. ತಂಗಡಿ ಮತ್ತು ಶಂಖಪುಷ್ಪ

ಇವೆರಡರ ಕಾವಲು ಗಟ್ಟಿ ಸಿಪ್ಪೆ. ಹಾಗೆಯೇ ಬಿತ್ತಿದರೆ ನೂರರಲ್ಲಿ ಕೆಲವು ಮಾತ್ರ ಆ ವರ್ಷ ಮೊಳೆತು, ಉಳಿದವು ಮಣ್ಣಿನಲ್ಲಿ ಕಲ್ಲಿನಂತೆ ಬಿದ್ದಿರುತ್ತವೆ.

ತಂಗಡಿಯನ್ನು ಆವರಿಕೆಯೆಂದೂ ಹೇಳುವರು. ಹೊನ್ನಿನ ಬಣ್ಣದ ಹೂಗೊಂಚಲಿನ ಈ ಗಿಡವು ಬರಡು ನೆಲದಲ್ಲಿಯೂ ಬಾಳುತ್ತದೆ. ದನ ಮೇಕೆಗಳು ಸಾಮಾನ್ಯವಾಗಿ ಬಾಯಿಡುವುದಿಲ್ಲ. ಹಿಂದೆ ಇದರ ಚಕ್ಕೆಯನ್ನು ಚರ್ಮ ಹದಮಾಡುವುದಕ್ಕೆ ವಿಶೇಷವಾಗಿ ಉಪಯೋಗಿಸುತ್ತಿದ್ದರು. ತೆಲಂಗಾಣದವರು ಇದನ್ನು ತಮ್ಮ ರಾಜ್ಯದ ಹೂವಾಗಿ ಮಾಡಿಕೊಂಡಿದ್ದಾರೆ. ಒಣಗಿದ ಕಾಯಿಯಿಂದ ಬಿಡಿಸಿದ ಬೀಜವನ್ನು ಬಟ್ಟಲಿನಲ್ಲಿ ಹಾಕಿ, ಕುದಿದು ಕೆಳಗಿಳಿಸಿದ ನೀರನ್ನು ಅದರ ಮೇಲೆ ಸುರಿದು, ಆರಿದ ಮೇಲೆ ರಾತ್ರಿಯೆಲ್ಲ ಬಿಡಬೇಕು. ಒಲೆಯ ಮೇಲಿಟ್ಟು ಬೇಯಿಸಕೂಡದು. ಬೆಳಗ್ಗೆ ಉಬ್ಬಿದ ಬೀಜಗಳನ್ನು ಬಿತ್ತಿ, ಉಬ್ಬದವುಗಳಿಗೆ ಇನ್ನೊಮ್ಮೆ ಹೀಗೆಯೇ ಮಾಡಬೇಕು. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಕಿತ್ತು ನೆಟ್ಟರೆ ಸರಿಯಾಗಿ ಹತ್ತುವುದಿಲ್ಲ. ಬದುವಿನಲ್ಲಿ 4 ಅಡಿಗೊಂದು ಗುಳಿಯಂತೆ ಎರಡೆರಡು ಬೀಜ ಹಾಕಿ, ನಂತರ ಒಂದನ್ನು ಉಳಿಸಿಕೊಳ್ಳುವುದು ಉತ್ತಮ.

ಇಲ್ಲಿ ಮುಖ್ಯವಾದೊಂದು ವಿಷಯವನ್ನು ರಯತರು ಗಮನಿಸಬೇಕು. ತಂಗಡಿಯ ಹೂವಿನ ಪರಾಗವು ಕೇಸರದ ತುದಿಯ ಸಣ್ಣ ರಂಧ್ರದಲ್ಲಿ ಅಡಗಿರುತ್ತದೆ. ಕಪ್ಪು ಭ್ರಮರದಂಥ ದೊಡ್ಡ ದುಂಬಿಗಳು ಹೂವನ್ನು ಹಿಡಿದು ಝೇಂಕರಿಸಿ ಅಲುಗಿಸಿದಾಗ ಮಾತ್ರ ಅದು ಚೆನ್ನಾಗಿ ಹೊರಬೀಳುತ್ತದೆ. ಹೂವು ತುಂಬಾ ಇದ್ದೂ ಕಾಯಿ ಇಲ್ಲದ ತಂಗಡಿಯನ್ನು ಕಂಡರೆ ಆ ಸುತ್ತಿನಲ್ಲಿ ದುಂಬಿಗಳು ಕಡಮೆಯಾಗಿವೆಯೇ ಎಂದು ವಿಚಾರಿಸಬೇಕು. ಹೂವಿನ ಹೊತ್ತಿನಲ್ಲಿ ಪಕ್ಕದ ಬೆಳೆಗೆ ಹೊಡೆದ ಔಷಧಿಯ ದೋಷವೂ ಇದಕ್ಕೆ ಕಾರಣವಾಗಬಹುದು. ಅವರೆಯ ಕಾಯಿಗೂ ತರಕಾರಿಗೂ ಬೇಕಾದ ದುಂಬಿಗಳನ್ನು ಬದುವಿನ ಹೂಗಳು ಸಾಕುತ್ತವೆಯೆಂಬುದನ್ನು ಮರೆಯಬಾರದು.

ಶಂಖಪುಷ್ಪದ ಬೀಜವನ್ನು ಒರಟು ಕಲ್ಲಿನ ಮೇಲೆ ಒಂದು ಮಗ್ಗುಲು ಮಾತ್ರ ಸ್ವಲ್ಪ ಉಜ್ಜಿ, ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿದರೆ ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಹಬ್ಬುವುದಕ್ಕೆ ಬೇಲಿಯನ್ನಾಗಲಿ ಚಪ್ಪರವನ್ನಾಗಲಿ ಕೊಡಬೇಕು. ಹುರುಳಿ, ಅವರೆಗಳಂತೆ ಇದರ ಬೇರಿನ ಗಂಟುಗಳೂ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುತ್ತವೆ. ಈ ಐದರಲ್ಲಿ ಬೇಗನೆ ಫಲ ಕೊಡುವುದು ಇದೇ ಆದ್ದರಿಂದ ಮೊದಲ ಸಲ ಬಿತ್ತುವವರೂ ಶಾಲೆಯ ಮಕ್ಕಳೂ ಇದರಿಂದ ಆರಂಭಿಸುವುದು ಒಳ್ಳೆಯದು.

7. ಗೌರಿ ಹೂವು — ಒಂದು ಎಚ್ಚರಿಕೆ

ಮುಂಗಾರಿನಲ್ಲಿ ಬೇಲಿಯೊಳಗಿಂದ ಮೇಲೆದ್ದು, ಎಲೆಯ ತುದಿಯ ಸುರುಳಿಯಿಂದ ಹಬ್ಬಿ, ಭಾದ್ರಪದದ ಗೌರಿ ಹಬ್ಬದ ಸುಮಾರಿಗೆ ಬೆಂಕಿಯ ನಾಲಗೆಯಂತೆ ಅರಳುವ ಬಳ್ಳಿ ಇದು. ಅಗ್ನಿಶಿಖೆಯೆಂದೂ, ನೇಗಿಲಿನಂತೆ ಬಾಗಿದ ಗಡ್ಡೆಯಿರುವುದರಿಂದ ಲಾಂಗಲಿಯೆಂದೂ ಇದಕ್ಕೆ ಹೆಸರುಂಟು. ತಮಿಳುನಾಡು ಇದನ್ನು ರಾಜ್ಯದ ಹೂವಾಗಿ ಆರಿಸಿಕೊಂಡಿದೆ. ಅಲ್ಲಿನ ರಯತರು ಔಷಧದ ಕಾರ್ಖಾನೆಗಳಿಗಾಗಿ ಇದರ ಬೀಜವನ್ನು ಬೆಳೆಯುತ್ತಾರೆ.

ಆದರೆ ಈ ಬಳ್ಳಿಯ ಸರ್ವಾಂಗವೂ ವಿಷ; ಗಡ್ಡೆ ಮತ್ತು ಬೀಜಗಳಲ್ಲಿ ವಿಷವು ಹೆಚ್ಚು. ಗೆಣಸೆಂದು ಭ್ರಮಿಸಿ ತಿಂದು ಸತ್ತವರುಂಟು. ತಿಂದ ಕೆಲವು ಗಂಟೆಗಳ ಮೇಲೆ ವಾಂತಿ ಭೇದಿ ಹತ್ತುತ್ತದೆ. ತಿಂದದ್ದು ತಿಳಿದೊಡನೆ, ತೊಂದರೆ ಕಾಣುವವರೆಗೆ ಕಾಯದೆ, ಆಸ್ಪತ್ರೆಗೆ ಕರೆದೊಯ್ಯಬೇಕು. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಹಿತ್ತಲಿನಲ್ಲಿ ಹಾಕಲೇಕೂಡದು. ಬೆಳೆಸುವವರು ದೂರದ ಬೇಲಿಯಲ್ಲಿ, ಗೆಣಸು ತರಕಾರಿಗಳ ಮಡಿಯಿಂದ ಬೇರೆಯಾಗಿ, ಗುರುತು ನೆಟ್ಟು ಬೆಳೆಸತಕ್ಕದ್ದು. ಮುಟ್ಟಿದ ಕೈಯನ್ನು ತೊಳೆಯತಕ್ಕದ್ದು.

ಮಳೆಗಾಲ ಕಳೆದ ಮೇಲೆ ಬಿರಿದ ಕಾಯಿಯಿಂದ ಕೆಂಪು ಬೀಜವನ್ನು ಎತ್ತಿ ಮುಂದಿನ ಜೂನಿನಲ್ಲಿ ಆಳವಾದ ಸಡಿಲ ಮಣ್ಣಿನಲ್ಲಿ ಬಿತ್ತಬೇಕು. ಮೊಳೆಯುವುದಕ್ಕೆ ತಿಂಗಳಿಗೂ ಮೀರಬಹುದು. ಮೊದಲ ವರ್ಷ ಎಲೆ ಮಾತ್ರ ಕಂಡು ಬಳಿಕ ಒಣಗುತ್ತದೆ. ಸತ್ತಿತೆಂದು ಅಗೆಯಕೂಡದು, ಗಡ್ಡೆಯು ನೆಲದಲ್ಲಿ ಮಲಗಿರುತ್ತದೆ. ಹೂವು ಕಾಣುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ಇಷ್ಟು ಕಾಲ ಕಾಯಲಾರದೆ ಜನರು ಬೇಲಿಯ ಗಡ್ಡೆಯನ್ನೇ ಅಗೆದು ತರುತ್ತಾರೆ. ಅಗೆದ ಕಡೆ ಅದು ಮತ್ತೆ ಬರುವುದಿಲ್ಲ. ಈ ಬಳ್ಳಿಯು ಅಪರೂಪವಾಗುತ್ತಿರುವುದಕ್ಕೆ ಇದೇ ಒಂದು ಕಾರಣ.

8. ಗ್ರಾಮದ ಯಜಮಾನರು ಮಾಡತಕ್ಕ ಕೆಲಸ

ಹೆಬ್ಬಾಳದ ಕೆರೆಯ ಮಗ್ಗುಲಿನ ಕೆಂಪಾಪುರವು ಈಗ ಬೆಂಗಳೂರು ನಗರದೊಳಗೆ ಸೇರಿದೆ. ಹೊಲ ತೋಟಗಳಿದ್ದ ಕಡೆ ಬಡಾವಣೆಗಳಾಗಿವೆ. ಹೊಲವು ಹೋದಾಗ ಅದಕ್ಕೆ ಬೆಲೆ ಬಂದಿತು. ಬದುವು ಹೋದಾಗ ಯಾರೂ ಲೆಕ್ಕವಿಡಲಿಲ್ಲ. ಬದುವಿನೊಡನೆ ತಂಗಡಿಯೂ ಗೋರಂಟೆಯೂ ಗೌರಿ ಹೂವೂ ಹೋದುವು. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಯ ಯಜಮಾನರು ಇದನ್ನು ಕಂಡು ಮುಂದಾಗಿಯೇ ಎಚ್ಚರಗೊಳ್ಳುವುದು ಯುಕ್ತ. ಭೂಮಿಯನ್ನು ಮಾರುವುದೂ ಉಳಿಸಿಕೊಳ್ಳುವುದೂ ಅವರವರ ಇಚ್ಛೆ. ಆದರೆ ಬೀಜವನ್ನು ಎತ್ತಿಕೊಳ್ಳದೆ ಬದುವನ್ನು ಬಿಟ್ಟುಕೊಡಬಾರದು. ರಾಗಿಯ ಬೀಜ ಹೋದರೆ ಸರ್ಕಾರದ ಉಗ್ರಾಣದಲ್ಲಿ ದೊರಕೀತು. ನಿಮ್ಮ ಬದುವಿನ ಗೋರಂಟೆಯ ಬೀಜವು ಯಾವ ಅಂಗಡಿಯಲ್ಲಿಯೂ ದೊರಕುವುದಿಲ್ಲ.

ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ಊರಿನ ಕೆರೆ ಏರಿಯಲ್ಲಿ, ಗುಂಡುತೋಪಿನಲ್ಲಿ ಅಥವಾ ಬದುವಿನಲ್ಲಿ ಒಂದು ಪಟ್ಟಿಯನ್ನು ಗುರುತಿಸಿ, ಅಲ್ಲಿ ಕಳೆನಾಶಕವನ್ನು ಹೊಡೆಯದಂತೆಯೂ, ಫೆಬ್ರವರಿ ಕಳೆದು ಬೀಜ ಬಲಿಯುವವರೆಗೆ ಸವರದಂತೆಯೂ ಏರ್ಪಾಡು ಮಾಡಬೇಕು. ಶಾಲೆಯ ಅಥವಾ ದೇವಸ್ಥಾನದ ಆವರಣದಲ್ಲಿ ಬೀಜಕ್ಕೆಂದೇ ಒಂದು ಮಡಿಯನ್ನು ಮಾಡಿಸಬಹುದು. ವರ್ಷಕ್ಕೊಮ್ಮೆ, ಊರಹಬ್ಬದ ದಿನ, ಮನೆಮನೆಯ ಹೆಂಗಸರು ತಮ್ಮ ಹಿತ್ತಲಿನ ಬೀಜವನ್ನು ಒಬ್ಬರಿಗೊಬ್ಬರು ಕೊಟ್ಟು ಕೊಳ್ಳುವಂತೆ ಮಾಡಿದರೆ ಒಂದು ಮನೆಯಲ್ಲಿ ನಾಶವಾದದ್ದು ಇನ್ನೊಂದು ಮನೆಯಲ್ಲಿ ಉಳಿದಿರುತ್ತದೆ. ಈ ಕೆಲಸದಲ್ಲಿ ಮನೆಯ ಹಿರಿಯ ಹೆಂಗಸರ ತಿಳಿವಳಿಕೆಯು ನಮ್ಮ ಪುಸ್ತಕದ ತಿಳಿವಳಿಕೆಗಿಂತ ಅನೇಕ ವೇಳೆ ಮುಂದಿರುತ್ತದೆ. ಅವರನ್ನು ಕೇಳಿ ನಡೆಯುವುದರಲ್ಲಿ ಅವಮಾನವಿಲ್ಲ.

9. ಜ್ಞಾಪಕದಲ್ಲಿಡತಕ್ಕ ಅಂಶಗಳು

(1) ಕನಕಾಂಬರ, ಗೋರಂಟೆಗಳ ತೆನೆಯನ್ನು ಮಳೆಗೆ ಮುಂಚೆ, ಒಣಹವೆಯಲ್ಲಿ ಕುಯ್ಯಿರಿ.

(2) ಕನಕಾಂಬರದ ಬೀಜವನ್ನು ಆ ವರ್ಷವೇ ಬಿತ್ತಿರಿ. ಪಾತಿಯನ್ನು ಒಂದೂವರೆ ತಿಂಗಳವರೆಗೆ ಕೆದಕಬೇಡಿರಿ.

(3) ಗೋರಂಟೆಯ ಬೀಜವನ್ನು ನೆನೆಸಬೇಡಿರಿ. ತಂಗಡಿಗೆ ಬಿಸಿನೀರು, ಶಂಖಪುಷ್ಪಕ್ಕೆ ಕಲ್ಲಿನ ಉಜ್ಜು ಮತ್ತು ತಣ್ಣೀರು ಎಂಬುದನ್ನು ನೆನಪಿಡಿರಿ.

(4) ಗೌರಿ ಹೂವಿನ ಗಡ್ಡೆಯನ್ನೂ ಬೀಜವನ್ನೂ ಮಕ್ಕಳ ಕೈಗೆ ಸಿಗದಂತೆ ಇಡಿರಿ. ಬೇಲಿಯ ಗಡ್ಡೆಯನ್ನು ಅಗೆಯಬೇಡಿರಿ.

(5) ಪ್ರತಿ ಸಾಲಿನಲ್ಲಿಯೂ ಬೀಜಕ್ಕೆಂದು ಗಿಡ ಬಿಡಿರಿ. ಎತ್ತಿದ ಬೀಜದಲ್ಲಿ ಅರ್ಧವನ್ನು ನೆರೆಯವರಿಗೆ ಕೊಡಿರಿ. ನಿಮ್ಮದು ಹೋದ ವರ್ಷ ಅವರಲ್ಲಿ ಕೇಳಬಹುದು.

ಹೆಚ್ಚಿನ ವಿವರ ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಾಗಲಿ ವಿಚಾರಿಸಬಹುದು. ಈ ಪತ್ರಿಕೆಯನ್ನು ಓದಿದವರು ಓದುಬಾರದ ನೆರೆಯವರಿಗೆ ಓದಿ ಹೇಳಬೇಕೆಂದು ಕೋರಿದೆ.